ಆರನೆಯ ಕ್ರೆಡಿಟ್ಟು

ಕನ್ನಡಕದಕ್ಕನಿಗೆ ಬೀದಿಯವರ ಕಣ್ಣೆಲ್ಲ ಗೊತ್ತಿತ್ತು. ಯಾರಿಗೆ ದೂರದ್ದು ಕಾಣುವುದಿಲ್ಲ, ಯಾರಿಗೆ ಹತ್ತಿರದ್ದು ಕಾಣುವುದಿಲ್ಲ, ಯಾರು ಎಲ್ಲ ಕಂಡರೂ ಕಾಣದವರಂತೆ ಓಡಾಡುತ್ತಾರೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಕನ್ನಡಕದಂಗಡಿಯಲ್ಲಿ ಅಷ್ಟು ವರ್ಷ ಜನರ ಕಣ್ಣಿಗೆ ಗಾಜು ಕೂರಿಸಿದವಳಿಗೆ ಅದೇನು ದೊಡ್ಡದಲ್ಲ. ಆದರೆ ಮನೆಯಲ್ಲಿ ಎದುರು ಕೂತು ಉಣ್ಣುವ ಮಗಳ ಮುಖ ಓದಲು ಮಾತ್ರ ಬರುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮಗಳಿಗೆ ಮನೆಯಲ್ಲಿ ನಿಧಾನಿ ಎಂದು ಹೆಸರು. ಇಟ್ಟವನು ಅಪ್ಪ, ಲಿಫ್ಟ್ ರಿಪೇರಿಯವನು. ಪ್ರೀತಿಯಿಂದಲೇ ಇಟ್ಟ. ಹುಡುಗಿ ಚಪ್ಪಲಿ ಮೆಟ್ಟುವ ಮೊದಲು ಅದರ ಅಡಿಯನ್ನು ನೋಡುವವಳು. ಬಿಸ್ಕತ್ತು ಕೊಟ್ಟರೆ ಅದರ ಮೇಲಿನ ತೂತುಗಳು ಯಾಕಿವೆ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ತಿನ್ನುವವಳು. ಚಿಕ್ಕವಳಿದ್ದಾಗ ಇದೆಲ್ಲ ಮುದ್ದಾಗಿತ್ತು. ಹೈಸ್ಕೂಲಿಗೆ ಬಂದ ಮೇಲೆ ಮುದ್ದು ಹೋಗಿ ಮುಳ್ಳಾಯಿತು. ಪರೀಕ್ಷೆಯಲ್ಲಿ ಮೊದಲ ಎರಡು ಪ್ರಶ್ನೆಗೆ ಒಂದಕ್ಷರ ತಪ್ಪಿಲ್ಲದೆ ಪುಟಗಟ್ಟಲೆ ಬರೆಯುತ್ತಿದ್ದಳು. ಉಳಿದ ಪ್ರಶ್ನೆಗಳ ಜಾಗ ಖಾಲಿ. ಗಂಟೆ ಹೊಡೆಯುವ ಹೊತ್ತಿಗೆ ಅವಳು ಇನ್ನೂ ಮೂರನೆಯ ಪ್ರಶ್ನೆಯ ಜೊತೆ ಮಾತಾಡುತ್ತಿರುತ್ತಿದ್ದಳು.

"ಬರೆದಿದ್ದೆಲ್ಲ ಚಿನ್ನ. ಆದ್ರೆ ಚಿನ್ನ ಇರೋದೇ ಚೂರು," ಎಂದು ಹೆಡ್‌ಮೇಡಂ ಕೈಚೆಲ್ಲಿದರು. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು ಎಂದರು. ನಿಧಾನಿ ಮನೆಗೆ ಬಂದು ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದಳು. ಅತ್ತು ಕರೆದು ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಶಾಂತವಾಗಿ ಹೇಳಿದಳು, ಅದಕ್ಕೇ ತಾಯಿಗೆ ಹೆದರಿಕೆಯಾಯಿತು.

ಮನೆಯಲ್ಲೇ ಓದುವ ಮಕ್ಕಳಿಗೆ ಶಿಕ್ಷಣ ಮಂಡಳಿಯಲ್ಲಿ ಒಂದು ದಾರಿ ಇತ್ತು. ಯಾವ ಪಠ್ಯಕ್ರಮ ಬೇಕಾದರೂ ಹಿಡಿಯಬಹುದು. ವರ್ಷದ ಕೊನೆಗೆ ಮಂಡಳಿಯ ಪರೀಕ್ಷಕರ ಮುಂದೆ ಕೂತು, ಕಲಿತದ್ದನ್ನು ತೋರಿಸಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಒಪ್ಪಿಗೆಯಾದರೆ ವಿಷಯಕ್ಕೊಂದು ಕ್ರೆಡಿಟ್ಟು. ಆರು ವಿಷಯ, ಆರು ಕ್ರೆಡಿಟ್ಟು. ಆರೂ ಸಿಕ್ಕರೆ ಮುಂದಿನ ತರಗತಿ. ಐದಕ್ಕೆ ನಿಂತರೆ ಮತ್ತೆ ಅದೇ ಶಾಲೆ, ಅದೇ ಬೆಂಚು, ತನಗಿಂತ ಚಿಕ್ಕವರ ಮಧ್ಯೆ.

"ಆರು ಬರಲಿಲ್ಲ ಅಂದ್ರೆ ನಾನು ಓದೋದೇ ಬಿಟ್ಬಿಡ್ತೀನಿ ಅಮ್ಮ," ಎಂದಳು ನಿಧಾನಿ. "ಆಮೇಲೆ ಹೇಳಲಿಲ್ಲ ಅನ್ಬೇಡ, ಅದಕ್ಕೇ ಈಗಲೇ ಹೇಳಿದೆ."

ಹಟಮಾರಿ ಮಕ್ಕಳ ಮಾತನ್ನು ಅರ್ಧಕ್ಕರ್ಧ ತಳ್ಳಿಹಾಕಬಹುದು. ಈ ಹುಡುಗಿ ಅಂಥವಳಲ್ಲ. ಬಿಡುತ್ತೇನೆ ಎಂದರೆ ಬಿಟ್ಟಳೆಂದೇ ಅರ್ಥ.

ಹಾಗಾಗಿ ಪಠ್ಯಕ್ರಮದ ಬೇಟೆ ಶುರುವಾಯಿತು. ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲದಂತಾಯಿತು. ಒಂದು ಕಡೆ ಪುಸ್ತಕ ತುಂಬಿದ ಒಂದು ದೊಡ್ಡ ಡಬ್ಬಿ. ಅದರಲ್ಲಿ ಆರೂ ವಿಷಯ, ದಿನಕ್ಕಿಷ್ಟು ಪುಟ, ಪುಟಕ್ಕಿಷ್ಟು ಪ್ರಶ್ನೆ, ಮೇಲೆ ಬಣ್ಣಬಣ್ಣದ ಗುರುತು. ಇನ್ನೊಂದು ಕಂಪ್ಯೂಟರಿನದು. ನಗುನಗುತ್ತಾ ಪಾಠ ಹೇಳುವ ಒಬ್ಬ ಯುವಕ, ಸರಿ ಉತ್ತರ ಒತ್ತಿದರೆ ಚಪ್ಪಾಳೆಯ ಸದ್ದು. ಮೂರನೆಯದು ಯಾರೋ ನಿವೃತ್ತ ಮೇಷ್ಟ್ರು ದಂಪತಿ ಬರೆದ ತೆಳ್ಳಗಿನ ಪುಸ್ತಕಗಳು. ಚಿತ್ರ ಕಡಿಮೆ, ಪ್ರಶ್ನೆ ಇನ್ನೂ ಕಡಿಮೆ, ನೋಡಲು ಬಡಕಲು.

ನಾದಿನಿ ಬಂದವಳೇ ಡಬ್ಬಿಯನ್ನು ತಟ್ಟಿ ತೀರ್ಪು ಕೊಟ್ಟಳು. "ಇದನ್ನೇ ತಗೊಳ್ಳಿ ಅತ್ತಿಗೆ, ಕಣ್ಣು ಮುಚ್ಚಿಕೊಂಡು. ನಮ್ಮ ಮಹಡಿ ಮನೆಯವರ ಹುಡುಗ ಇದನ್ನೇ ಓದಿದ್ದು. ಈಗ ನೋಡಿ, ಮಾತಾಡಿಸಿದ್ರೂ ಮಾತಾಡಲ್ಲ, ಅಷ್ಟು ಮುಂದೆ ಹೋಗ್ಬಿಟ್ಟಿದ್ದಾನೆ."

ಬ್ಯಾಂಕಿನಲ್ಲಿ ಕೆಲಸ ಮಾಡುವ ನಾದಿನಿಗೆ ಪ್ರಪಂಚದ ಯಾವ ವಿಷಯದಲ್ಲೂ ಅನುಮಾನವೆಂಬುದಿರಲಿಲ್ಲ. ಹಾಗಿರುವವರು ಸುಖಿಗಳು, ಜೊತೆಯಲ್ಲಿರುವವರ ಕಥೆ ಬೇರೆ.

ಕನ್ನಡಕದಕ್ಕ ಡಬ್ಬಿಯ ಒಂದು ಪುಟ ತೆಗೆದು ಮಗಳ ಮುಂದಿಟ್ಟಳು. "ಹೇಗಿದೆ? ಚೆನ್ನಾಗಿದೆ ಅಲ್ವಾ?"

"ಪರವಾಗಿಲ್ಲ," ಎಂದಳು ನಿಧಾನಿ.

ಅಲ್ಲಿಗೆ ಡಬ್ಬಿ ಮನೆಯದಾಯಿತು. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಮೇಜು ಹಾಕಿ, ಗೋಡೆಗೆ ವೇಳಾಪಟ್ಟಿ ಅಂಟಿಸಿ, ಕನ್ನಡಕದಕ್ಕ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಪಾಠ ತೋರಿಸಿ, ಸಂಜೆ ಬಂದು ನೋಡುವುದೆಂದು ಗೊತ್ತುಮಾಡಿಕೊಂಡಳು. ಮೊದಲ ದಿನಗಳು ಹಬೆಯಾಡುವಷ್ಟು ಉತ್ಸಾಹ. ಆಮೇಲೆ ಪುಟಗಳು ಹಿಂದೆ ಬೀಳತೊಡಗಿದವು. ಡಬ್ಬಿಯ ಲೆಕ್ಕದಲ್ಲಿ ಚಳಿಗಾಲದ ಪಾಠ ಬರಬೇಕಾದಾಗ ನಿಧಾನಿ ಬೇಸಿಗೆಯ ಪಾಠದಲ್ಲೇ ಇದ್ದಳು.

ತಾಯಿ ಏನು ಮಾಡಿದಳು? ಎಲ್ಲ ತಾಯಂದಿರೂ ಮಾಡುವುದನ್ನೇ. ಪಕ್ಕದಲ್ಲಿ ಕೂತು ತಳ್ಳಿದಳು. ಹುಡುಗಿ ಒಂದು ವಾಕ್ಯ ಶುರು ಮಾಡಿದರೆ ಇವಳು ಮುಗಿಸಿದಳು. ಲೆಕ್ಕದ ಮೂರನೆಯ ಸಾಲಿನಲ್ಲಿ ಪೆನ್ಸಿಲ್ಲು ನಿಂತರೆ ನಾಲ್ಕನೆಯ ಸಾಲನ್ನು ಇವಳೇ ಬಾಯಲ್ಲಿ ಹೇಳಿದಳು. ವಾರಕ್ಕೊಮ್ಮೆ "ಹೇಗೆ ಹೋಗ್ತಿದೆ ಪುಟ್ಟಾ?" ಎಂದು ಕೇಳಿದಳು. ಪ್ರತಿ ಸಲವೂ ಅದೇ "ಪರವಾಗಿಲ್ಲ" ಬಂತು. ಆ ಮಾತನ್ನು ತಾಯಿ ಮಜ್ಜಿಗೆ ಕುಡಿದ ಹಾಗೆ ನೆಮ್ಮದಿಯಿಂದ ಕುಡಿದಳು.

ಅಪ್ಪ ಒಂದು ದಿನ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಆ ಗೋಡೆಯ ವೇಳಾಪಟ್ಟಿಯನ್ನು ನೋಡಿದ. "ಎಂಟು ಜನರ ಲಿಫ್ಟಿಗೆ ಹನ್ನೆರಡು ಜನ ಹತ್ತಿದ್ರೆ ಅದು ಬಾಗಿಲೇ ಮುಚ್ಚಲ್ಲ ಕಣೇ. ಲಿಫ್ಟು ಕೆಟ್ಟಿದೆ ಅಂತ ನಂಗೆ ಫೋನ್ ಬರುತ್ತೆ. ನಾನು ಹೋಗಿ ನಾಲ್ಕು ಜನರನ್ನ ಇಳಿಸಿ ಬರ್ತೀನಿ. ರಿಪೇರಿ ಅಂದ್ರೆ ಅಷ್ಟೇ."

"ನಿಮಗೆ ಎಲ್ಲಾದ್ರಲ್ಲೂ ಲಿಫ್ಟೇ ಕಾಣುತ್ತೆ ರೀ," ಎಂದಳು ಕನ್ನಡಕದಕ್ಕ.

"ನಿನಗೆ ಎಲ್ಲಾದ್ರಲ್ಲೂ ಕನ್ನಡಕ ಕಾಣಲ್ವಾ? ಹಾಗೇ."

ಅವನ ಮಾತು ಅವಳಿಗೆ ತಟ್ಟಲಿಲ್ಲ. ತಟ್ಟಿದ್ದು ಅಂಗಡಿಯಲ್ಲಿ, ಒಬ್ಬ ಮುದುಕನಿಂದ. ಆತ ಬೇರೆಲ್ಲೋ ಮಾಡಿಸಿದ ಕನ್ನಡಕ ಹಾಕಿಕೊಂಡು, ಮೆಟ್ಟಿಲು ತಪ್ಪಿ ಬಿದ್ದು, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. ಗಾಜು ನೋಡಿದರೆ ಪೂರ್ತಿ ತಪ್ಪು. "ಇಷ್ಟು ದಿನ ಇದನ್ನ ಹೇಗೆ ಹಾಕ್ಕೊಂಡಿದ್ರಿ ಅಜ್ಜ? ಕಾಣುತ್ತಾ ಅಂತ ಅವರು ಕೇಳಲಿಲ್ವಾ?" ಎಂದಳು ಕನ್ನಡಕದಕ್ಕ.

"ಕೇಳಿದ್ರಮ್ಮ. ಪಾಪ, ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ದಾರೆ. ಪರವಾಗಿಲ್ಲ ಅಂದೆ."

ಅವಳು ಆತನನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಟ್ಟಳು. ಅವಳ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಚೆನ್ನಾಗಿ ಕಾಣುತ್ತಾ ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಮರ್ಯಾದಸ್ಥರೆಲ್ಲ ಹೌದು ಅನ್ನುತ್ತಾರೆ. ಎರಡು ಗಾಜನ್ನು ಒಂದಾದ ಮೇಲೊಂದು ಬದಲಿಸಿ ಇಟ್ಟು, ಇದಾ, ಅದಾ ಎಂದು ಕೇಳಬೇಕು. ಬಾಯಿ ಮುಚ್ಚಿಕೊಂಡು ಕಾಯಬೇಕು. ಅಕ್ಷರವನ್ನು ತಾನೇ ಓದಿ ಹೇಳಿಕೊಡುವುದಂತೂ ಮಹಾಪರಾಧ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನು ಅವಳೇ ಗದರಿಸಿ ಕಲಿಸಿದ್ದಳು.

"ಇದಾ ಅಜ್ಜ, ಅದಾ?" ಎನ್ನುತ್ತಿದ್ದವಳ ಕೈ ಗಾಳಿಯಲ್ಲೇ ನಿಂತಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ತನ್ನ ಹಣೆಯ ಮೇಲೇ ಬರೆದಿದೆಯೇನೋ ಅನಿಸಿ ಅವಳಿಗೆ ನಾಚಿಕೆಯಾಯಿತು.

ಅಂದು ಸಂಜೆ ಬೇಗ ಮನೆಗೆ ಬಂದಳು. ಡಬ್ಬಿಯ ಗಣಿತದ ಒಂದು ಪಾಠ, ತೆಳ್ಳನೆಯ ಪುಸ್ತಕದಲ್ಲಿ ಅದೇ ಪಾಠ, ಎರಡನ್ನೂ ಅಕ್ಕಪಕ್ಕ ಇಟ್ಟಳು. "ಇದಾ, ಅದಾ?"

ನಿಧಾನಿ ಎರಡನ್ನೂ ಓದಿದಳು. ಎಷ್ಟು ಹೊತ್ತು ಓದಿದಳೆಂದರೆ, ಒಲೆಯ ಮೇಲಿಟ್ಟ ಹಾಲು ಉಕ್ಕಿ, ಅದನ್ನು ಒರೆಸಿ, ಕೈ ತೊಳೆದುಕೊಂಡು ಬಂದರೂ ಓದುತ್ತಲೇ ಇದ್ದಳು. ತಾಯಿ ತುಟಿ ಕಚ್ಚಿಕೊಂಡು ಕೂತಳು.

"ಅದು," ಎಂದಳು ಹುಡುಗಿ ಕೊನೆಗೆ, ಬಡಕಲು ಪುಸ್ತಕ ತೋರಿಸಿ. "ಈ ಡಬ್ಬಿ ಪಾಠದಲ್ಲಿ ಒಂದೇ ಥರದ ಲೆಕ್ಕ ಮೂವತ್ತಿವೆ. ಅದರಲ್ಲಿ ಮೂರೇ ಇದೆ, ಆದ್ರೆ ಮೂರೂ ಬೇರೆ ಬೇರೆ. ಮೂರು ಆದ್ರೆ ನಾನು ಮುಗಿಸ್ತೀನಿ ಅಮ್ಮ."

"ಮತ್ತೆ ಇಷ್ಟು ದಿನ ಪರವಾಗಿಲ್ಲ ಅಂದ್ಯಲ್ಲೇ?"

"ನೀನು ಚೆನ್ನಾಗಿದೆ ಅಲ್ವಾ ಅಂತ ಕೇಳ್ತಿದ್ದೆ. ಅದಕ್ಕೆ ಇನ್ನೇನು ಹೇಳೋದು?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ತಾಯಿ ಇನ್ನೊಂದು ವಿಷಯದ ಪುಸ್ತಕಗಳನ್ನು ತಂದು ಅಕ್ಕಪಕ್ಕ ಇಟ್ಟಳು.

ಆ ವಾರವೆಲ್ಲ ಅದೇ ಕೆಲಸ. ಇದಾ, ಅದಾ. ಗಣಿತ ಬಡಕಲು ಪುಸ್ತಕಕ್ಕೆ ಹೋಯಿತು. ಭಾಷೆ ಡಬ್ಬಿಯಲ್ಲೇ ಉಳಿಯಿತು. ಇತಿಹಾಸಕ್ಕೆ ನೂರು ರಾಜರ ಬದಲು ಒಂದೇ ಬಂದರಿನ ಕಥೆಯನ್ನು ಹಿಡಿದು, ಅಲ್ಲಿಗೆ ಬಂದವರು ಹೋದವರು ಎಲ್ಲರನ್ನೂ ಓದುವುದು ಎಂದಾಯಿತು. ಜೀವಶಾಸ್ತ್ರಕ್ಕೆ ಕಂಪ್ಯೂಟರಿನ ನಗುಮುಖದ ಯುವಕನೇ ಆದ. ಅವನನ್ನು ಬೇಕೆಂದಲ್ಲಿ ನಿಲ್ಲಿಸಬಹುದು, ಅವನಿಗೆ ಬೇಜಾರಾಗುವುದಿಲ್ಲ ಎಂದಳು ನಿಧಾನಿ. ಚಿತ್ರಕಲೆಗೆ ಪುಸ್ತಕವೇ ಬೇಡವೆಂದಳು. ನಾದಿನಿ ಬಂದು ನೋಡಿ, "ಇದೇನು ಅತ್ತಿಗೆ, ಎಲ್ಲ ಕಲಸುಮೇಲೋಗರ ಮಾಡಿಟ್ಟಿದ್ದೀರಿ!" ಎಂದು ಮೂಗಿನ ಮೇಲೆ ಬೆರಳಿಟ್ಟಳು. ಆದರೆ ಬಾಗಿಲು ಮುಚ್ಚದೆ ನಿಂತಿದ್ದ ಲಿಫ್ಟು ಮೇಲೇರತೊಡಗಿತ್ತು. ಕನ್ನಡಕದಕ್ಕ ಇದನ್ನು ಗಂಡನಿಗೆ ಮಾತ್ರ ಹೇಳಲಿಲ್ಲ. ಗೆದ್ದ ಗಂಡಸನ್ನು ಮನೆಯಲ್ಲಿ ಸಹಿಸುವುದು ಕಷ್ಟ.

ಉಳಿದದ್ದು ಭೌತಶಾಸ್ತ್ರ, ಆರನೆಯದು. ಅದಕ್ಕೆ ಮೂರೂ ಪಠ್ಯಕ್ರಮ ಬೇಡವೆಂದು ನಿಧಾನಿ ತಲೆಯಾಡಿಸಿದಳು. "ಏನಾದ್ರೂ ಮಾಡಿ ತೋರಿಸಬಹುದು ಅಂತ ಮಂಡಳಿಯವರು ಹೇಳಿದ್ದಾರಲ್ಲ. ನಾನು ದುರ್ಬೀನು ಮಾಡ್ತೀನಿ."

ಕನ್ನಡಕದಕ್ಕನ ಮುಖ ಊರಗಲವಾಯಿತು. ಅಂಗಡಿಯಲ್ಲಿ ಗೀರು ಬಿದ್ದು ಮೂಲೆಗಿಟ್ಟ ಗಾಜುಗಳನ್ನು ಪೊಟ್ಟಣ ಕಟ್ಟಿ ತಂದಳು. ಅಪ್ಪ ಯಾವುದೋ ಕಟ್ಟಡದಿಂದ ಒಂದರೊಳಗೊಂದು ಜಾರುವ ಎರಡು ರಟ್ಟಿನ ಕೊಳವೆ ತಂದ. ದೊಡ್ಡ ಕೊಳವೆಯ ತುದಿಗೆ, ನೋಡುವ ವಸ್ತುವಿನ ಕಡೆಗೆ, ಕೊಂಚವೇ ಉಬ್ಬಿದ ದೂರದ ಗಾಜು, ಸಣ್ಣದರ ತುದಿಗೆ ಕಣ್ಣಿನ ಬಳಿಯ ಹೆಚ್ಚು ಉಬ್ಬಿದ ಗಾಜು. ಅಷ್ಟೇ ತಾನೆ ದುರ್ಬೀನು. ಕನ್ನಡಕದಕ್ಕನಿಗೆ ಅರ್ಧ ದಿನದ ಕೆಲಸ.

ನಿಧಾನಿಗೆ ಅದು ಅರ್ಧ ದಿನದ್ದಾಗಿರಲಿಲ್ಲ. ಅವಳು ಒಂದು ಗಾಜನ್ನು ಕೈಯಲ್ಲಿ ಹಿಡಿದು, ಕಿಟಕಿಗೆ ಬೆನ್ನು ಹಾಕಿ, ಎದುರಿನ ಗೋಡೆಯ ಮೇಲೆ ಕಿಟಕಿಯ ಬಿಂಬ ಬೀಳಿಸುತ್ತಾ ನಿಂತುಬಿಟ್ಟಳು. ಗೋಡೆಯ ಮೇಲೆ ಪುಟ್ಟ ಕಿಟಕಿ, ತಲೆಕೆಳಗಾಗಿ, ಅದರಲ್ಲಿ ತಲೆಕೆಳಗಾದ ಎದುರುಮನೆ. ಗಾಜು ಹಿಂದೆ ಸರಿಸಿದರೆ ಮಸುಕು, ಮುಂದೆ ಸರಿಸಿದರೆ ಮಸುಕು, ಒಂದೇ ಜಾಗದಲ್ಲಿ ಸ್ಪಷ್ಟ. ದಿನಗಟ್ಟಲೆ ಇದೇ. ಪರೀಕ್ಷಕರ ಮುಂದೆ ಹೋಗುವ ದಿನ ಹತ್ತಿರವಾದಂತೆ ಕನ್ನಡಕದಕ್ಕ ದಿನಕ್ಕೆರಡು ಸಲ ಕ್ಯಾಲೆಂಡರು ನೋಡತೊಡಗಿದಳು. ಮೇಜಿನ ಮೇಲೆ ರಟ್ಟಿನ ಕೊಳವೆ ಸೊಟ್ಟಗೆ ಬಿದ್ದಿತ್ತು. ಹುಡುಗಿ ಗೋಡೆ ನೋಡುತ್ತಿದ್ದಳು.

ಒಂದು ರಜೆಯ ಮಧ್ಯಾಹ್ನ ನಿಧಾನಿ ಅಪ್ಪನ ಜೊತೆ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಕನ್ನಡಕದಕ್ಕ ಮೇಜು ಒರೆಸಲು ಹೋದಳು. ಕೊಳವೆಯ ಅಂಚು ಹರಿದಿತ್ತು, ಅದನ್ನಷ್ಟು ನೇರ ಕತ್ತರಿಸೋಣ ಎಂದು ಕೂತಳು. ಕತ್ತರಿಸಿದ ಮೇಲೆ ಗಾಜು ಸರಿಯಾಗಿ ಕೂರುತ್ತದೋ ನೋಡೋಣ ಅನಿಸಿತು. ಕೂತಿತು. ಕೂತ ಗಾಜು ಅಲುಗದಂತೆ ಕಪ್ಪು ಟೇಪು ಸುತ್ತೋಣ ಅನಿಸಿತು. ಬೆರಳು ತೋರಿಸಿದರೆ ಹಸ್ತ ನುಂಗುವುದೆಂದರೆ ಇದೇ. ಕೊಳವೆಯ ಒಳಗೆ ಕಪ್ಪು ಕಾಗದ ಬಂತು, ದೂರದ ಗಾಜಿನ ಹಿಂದೆ ನಡುವೆ ತೂತಿರುವ ಕಪ್ಪು ಬಿಲ್ಲೆ ಬಂತು. ಕೈಗೆ ಗೊತ್ತಿದ್ದ ಕೆಲಸ, ಕೈ ಮಾಡಿಕೊಂಡು ಹೋಯಿತು. ಮಗಳು ಬರುವ ಹೊತ್ತಿಗೆ ಮೇಜಿನ ಮೇಲೆ ಅಂಗಡಿಯ ಗಾಜುಕಪಾಟಿನಲ್ಲಿಡಬಹುದಾದ ದುರ್ಬೀನು ಮಲಗಿತ್ತು.

"ಸ್ವಲ್ಪ ನೇರ ಮಾಡಿದೆ ಅಷ್ಟೇ," ಎಂದಳು ತಾಯಿ.

ಮರಗಟ್ಟಿದ ಕೆನ್ನೆಯ ನಿಧಾನಿ ಅದನ್ನೆತ್ತಿ ಕಿಟಕಿಯಾಚೆ ನೋಡಿದಳು. ಎದುರು ಕಟ್ಟಡದ ತಾರಸಿಯ ಮೇಲೆ ಒಣಗಲು ಹಾಕಿದ ಬಟ್ಟೆಯ ಕ್ಲಿಪ್ಪು ಕೂಡ ಕಂಡಿರಬೇಕು. ಮೆಲ್ಲಗೆ ಕೆಳಗಿಟ್ಟಳು.

"ಪರವಾಗಿಲ್ಲ," ಎಂದಳು.

ಆ ಮಾತಿನ ಅರ್ಥ ಈಗ ಕನ್ನಡಕದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಿಚ್ಚಿ ಕೊಟ್ಟುಬಿಡಲೇ ಎಂದುಕೊಂಡಳು. ಆದರೆ ಆರನೆಯ ಕ್ರೆಡಿಟ್ಟು ಕಣ್ಣ ಮುಂದೆ ಕುಣಿಯಿತು. ಮೊದಲು ಅದು ಸಿಗಲಿ, ಉಳಿದದ್ದು ಆಮೇಲೆ ಎಂದು ಮನಸ್ಸಿಗೆ ಹೇಳಿ ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಳ್ಳಬೇಕಾದಾಗ ಬಿಟ್ಟಳು, ಬಿಡಬೇಕಾದಾಗ ಮುಚ್ಚಿಕೊಂಡಳು. ಆತುರಗಾರರಿಗೆ ಬುದ್ಧಿ ಮಟ್ಟ.

ಪರೀಕ್ಷೆ ನಡೆದದ್ದು ಸಾರ್ವಜನಿಕ ಗ್ರಂಥಾಲಯದ ಮೇಲ್ಮಹಡಿಯಲ್ಲಿ. ಉದ್ದನೆಯ ಕೋಣೆ, ಗೋಡೆಗೆ ಸುಣ್ಣ, ಒಂದು ಕಡೆ ಸಾಲಾಗಿ ಎತ್ತರದ ಕಿಟಕಿಗಳು. ಕಾಲು ಅಲುಗುವ ಮೇಜಿಗೆ ಮಡಿಸಿದ ಕಾಗದ ಕೊಟ್ಟು ನಿಲ್ಲಿಸಿದ್ದರು. ಪರೀಕ್ಷಕಿ ಮಧ್ಯವಯಸ್ಸಿನ ಹೆಂಗಸು, ಬಾಯಲ್ಲಿ ಪೆಪ್ಪರ್‌ಮಿಂಟು. ಅವರ ಕನ್ನಡಕ ಮಾತುಮಾತಿಗೂ ಮೂಗಿನಿಂದ ಜಾರುತ್ತಿತ್ತು. ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿ ಬಾಗಿದೆ, ಒಂದು ನಿಮಿಷದ ಕೆಲಸ ಎಂದು ಕನ್ನಡಕದಕ್ಕನ ಬೆರಳು ತುರಿಸಿತು.

"ಪೋಷಕರು ಕೂತ್ಕೊಬಹುದು. ಮಾತಾಡೋ ಹಾಗಿಲ್ಲ," ಎಂದರು ಪರೀಕ್ಷಕಿ. "ತಲೆ ಅಲ್ಲಾಡಿಸೋ ಹಾಗೂ ಇಲ್ಲ. ಕೆಲವರು ಕಣ್ಣಲ್ಲೇ ಉತ್ತರ ಹೇಳ್ತಾರೆ, ಅದೂ ಬೇಡ."

ಐದು ವಿಷಯ ನಿಧಾನವಾಗಿ, ಆದರೆ ನೆಟ್ಟಗೆ ನಡೆದವು. ಬಂದರಿನ ಕಥೆ ಹೇಳುವಾಗ ಪರೀಕ್ಷಕಿ ಪೆಪ್ಪರ್‌ಮಿಂಟು ಚೀಪುವುದನ್ನೇ ಮರೆತರು. ಐದು ಸಹಿ ಬಿದ್ದವು. ಆಮೇಲೆ ದುರ್ಬೀನು.

ಅವರು ಅದನ್ನು ತಿರುಗಿಸಿ ನೋಡಿ, ಕಿಟಕಿಯಾಚೆ ಹಿಡಿದು ನೋಡಿ, "ಅಬ್ಬಾ!" ಎಂದರು. ಕನ್ನಡಕದಕ್ಕನಿಗೆ ಹೆಮ್ಮೆಯಾಯಿತು, ಪಾಪ, ತಡೆಯಲಾಗಲಿಲ್ಲ. ಪರೀಕ್ಷಕಿ ಕೊಳವೆಯೊಳಗೆ ಇಣುಕಿ, "ಈ ಕಪ್ಪು ಬಿಲ್ಲೆ ಯಾಕಮ್ಮ? ಗಾಜಿನ ಅರ್ಧವನ್ನ ಮುಚ್ಚಿಬಿಟ್ಟಿದೆಯಲ್ಲ. ಬೆಳಕು ಕಡಿಮೆ ಆಗಲ್ವಾ?" ಎಂದು ಕೇಳಿದರು.

ನಿಧಾನಿ ಬಿಲ್ಲೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಉತ್ತರ ತಾಯಿಯ ಗಂಟಲಿಗೆ ಬಂದು ಹಲ್ಲಿಗೆ ತಾಗಿ ನಿಂತಿತ್ತು.

"ಗೊತ್ತಿಲ್ಲ ಮೇಡಂ," ಎಂದಳು ಹುಡುಗಿ. "ಇದನ್ನ ನಾನು ಮಾಡಿಲ್ಲ. ನಮ್ಮಮ್ಮ ಮಾಡಿದ್ದು."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸಿತು ಕನ್ನಡಕದಕ್ಕನಿಗೆ. ಪರೀಕ್ಷಕಿ ಅವಳ ಕಡೆ ತಿರುಗಿದರು. ಬಯ್ಯಲಿಲ್ಲ. ಜಾರಿದ ಕನ್ನಡಕವನ್ನು ಮೇಲೆ ತಳ್ಳಿ, ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಇದಕ್ಕೆ ನಾನು ಕ್ರೆಡಿಟ್ಟು ಕೊಡೋಕಾಗಲ್ಲ ಮಗು. ನಿಜ ಹೇಳಿದ್ದಕ್ಕೆ ಸಂತೋಷ. ಆದ್ರೆ ಐದೇ ಆಯ್ತು."

ಐದು. ಅದೇ ಬೆಂಚು. ಇಲ್ಲ, ಬೆಂಚೂ ಇಲ್ಲ, ಓದೇ ಇಲ್ಲ. ಒಂದು ಮಧ್ಯಾಹ್ನ ತನ್ನ ಕೈ ಸುಮ್ಮನಿದ್ದಿದ್ದರೆ ಇದಾಗುತ್ತಿರಲಿಲ್ಲ ಎಂದು ಕನ್ನಡಕದಕ್ಕನ ಕಣ್ಣು ತುಂಬಿತು. ಮಗಳ ಬಾಳನ್ನು ತಾನೇ ಕೈಯಾರೆ ಕೆಡಿಸಿದೆನೆಂದು ಎದೆ ಉರಿಯಿತು.

ನಿಧಾನಿ ಎದ್ದು ಹೋಗಲಿಲ್ಲ. ಇನ್ನೂ ಬಿಲ್ಲೆಯನ್ನೇ ನೋಡುತ್ತಿದ್ದಳು. "ಬಿಚ್ಚಿ ನೋಡ್ಲಾ ಮೇಡಂ?"

"ಈಗಲಾ?"

"ಗಾಜುಗಳ ಅಳತೆ ನಂಗೆ ಗೊತ್ತು. ಅದನ್ನ ನಾನೇ ಕಂಡುಹಿಡಿದಿದ್ದು. ಈ ಬಿಲ್ಲೆ ಒಂದು ಗೊತ್ತಿಲ್ಲ. ಬಿಚ್ಚಿ, ಮತ್ತೆ ಜೋಡಿಸಿದ್ರೆ ಗೊತ್ತಾಗುತ್ತೆ."

"ಎಷ್ಟು ಹೊತ್ತು ಬೇಕು?"

"ಅದೂ ಗೊತ್ತಿಲ್ಲ."

ಪರೀಕ್ಷಕಿಗೆ ನಗು ಬಂತು. ಹೊರಗೆ ಕಾಯುತ್ತಿದ್ದ ಮಕ್ಕಳ ಕಡೆ ನೋಡಿದರು, ಇನ್ನೊಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡರು. "ಆ ಕೊನೇ ಕಿಟಕಿ ಹತ್ತಿರ ಕೂತ್ಕೊ. ಇವರನ್ನೆಲ್ಲ ಮುಗಿಸೋವರೆಗೂ ನಾನು ಇಲ್ಲೇ ಇರ್ತೀನಿ. ಅಮ್ಮ ಅವರೇ, ನೀವು ಆ ಕುರ್ಚಿ. ಈಗ ಉಸಿರೂ ಬಿಡ್ಬೇಡಿ."

ಹುಡುಗಿ ಟೇಪು ಬಿಚ್ಚಿದಳು. ಎಳೆದು ಕೀಳಲಿಲ್ಲ, ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಬಿಚ್ಚಿದಳು. ದೂರದ ಗಾಜು ಹಿಡಿದು ಬಿಳಿ ಗೋಡೆಯ ಮೇಲೆ ಎತ್ತರದ ಕಿಟಕಿಯನ್ನು ಬೀಳಿಸಿದಳು. ಸ್ಕೇಲಿಟ್ಟು ಅಳೆದಳು. ಕಣ್ಣಿನ ಬಳಿಯ ಗಾಜನ್ನೂ ಹಾಗೇ ಅಳೆದಳು. ಎರಡನ್ನೂ ಕೂಡಿಸಿ ಕೊಳವೆಯ ಉದ್ದಕ್ಕೆ ಹೋಲಿಸಿ, ತನ್ನಷ್ಟಕ್ಕೆ ತಲೆದೂಗಿದಳು. ಮಕ್ಕಳು ಬಂದು ಹೋಗುತ್ತಿದ್ದರು, ಅವರ ತಾಯಂದಿರು ಈ ಕಡೆ ಕುತೂಹಲದಿಂದ ನೋಡುತ್ತಿದ್ದರು. ನಿಧಾನಿ ಬಿಲ್ಲೆ ತೆಗೆದು ನೋಡಿದಳು. ಹಾಕಿ ನೋಡಿದಳು. ಮತ್ತೆ ತೆಗೆದು ನೋಡಿದಳು. ಕಾಗದದ ಚೂರಿನಿಂದ ಗಾಜಿನ ನಡುವನ್ನು ಮುಚ್ಚಿ, ಅಂಚಿನಿಂದ ಮಾತ್ರ ಬೆಳಕು ಬರುವಂತೆ ಮಾಡಿ ನೋಡಿದಳು. ಇದನ್ನು ಕನ್ನಡಕದಕ್ಕ ತನ್ನ ಜನ್ಮದಲ್ಲಿ ಮಾಡಿ ನೋಡಿರಲಿಲ್ಲ. ಬಿಲ್ಲೆ ಹಾಕಬೇಕೆಂದು ಅವಳಿಗೆ ಕಲಿಸಿದ್ದರು, ಹಾಕಿದ್ದಳು.

ನಿಧಾನಿ ಮತ್ತೆ ಜೋಡಿಸತೊಡಗಿದಾಗ ತಾಯಿಯ ಕಷ್ಟ ಶುರುವಾಯಿತು. ಒಮ್ಮೆ ಬಿಚ್ಚಿದ ಟೇಪು ಅಂಟುತ್ತಿರಲಿಲ್ಲ. ಗಾಜು ಓರೆಯಾಗಿ ಕೂತಿತು. ಕಾಣುತ್ತಿದೆ, ಕಣ್ಣಿಗೆ ಹೊಡೆಯುತ್ತಿದೆ, ಕೂದಲೆಳೆಯಷ್ಟು ಒತ್ತಿದರೆ ಸಾಕು! ಕನ್ನಡಕದಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಳು. ಜೀವಮಾನದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು. ಸುಮ್ಮನಿರುವುದು ಇಷ್ಟು ಭಾರವೆಂದು ಯಾವ ಗಾದೆಯೂ ಅವಳಿಗೆ ಹೇಳಿರಲಿಲ್ಲ.

ಕೋಣೆ ಖಾಲಿಯಾದ ಮೇಲೆ ಪರೀಕ್ಷಕಿ ಎದ್ದು ಬಂದರು.

"ನಡುವಿನಿಂದ ಬಂದ ಬೆಳಕು ಒಂದು ಕಡೆ ಸೇರುತ್ತೆ, ಅಂಚಿನಿಂದ ಬಂದಿದ್ದು ಇನ್ನೊಂದು ಕಡೆ," ಎಂದಳು ನಿಧಾನಿ. "ಎರಡೂ ಒಟ್ಟಿಗೆ ಬಂದ್ರೆ ಜಗಳ, ಚಿತ್ರ ಮಸುಕು. ಅದಕ್ಕೆ ಅಂಚನ್ನ ಮುಚ್ಚೋದು. ಬೆಳಕು ಕಡಿಮೆ ಆಗುತ್ತೆ, ಆದ್ರೆ ಇರೋ ಬೆಳಕು ಒಂದೇ ಮಾತು ಹೇಳುತ್ತೆ." ಆಮೇಲೆ ಕೊಳವೆಯ ಉದ್ದ ಯಾಕೆ ಅಷ್ಟೇ, ಚಿತ್ರ ಯಾಕೆ ತಲೆಕೆಳಗು, ಎಲ್ಲವನ್ನೂ ಗೋಡೆ ತೋರಿಸಿ ತೋರಿಸಿ ಹೇಳಿದಳು.

ಪರೀಕ್ಷಕಿ ದುರ್ಬೀನು ಕಣ್ಣಿಗಿಟ್ಟರು. ತುಂಬ ಹೊತ್ತು ನೋಡಿದರು. "ಈಗ ಒಂದು ಕಡೆ ಸ್ವಲ್ಪ ಮಸುಕಾಗಿದೆಯಲ್ಲಮ್ಮ. ಬೆಳಿಗ್ಗೆ ಹೀಗಿರಲಿಲ್ಲ."

"ಹೌದು ಮೇಡಂ. ಗಾಜು ಓರೆ ಕೂತಿದೆ, ಟೇಪು ಹಿಡೀತಾ ಇಲ್ಲ. ಓರೆ ಇರೋದೂ ಗೊತ್ತು, ಯಾಕೆ ಮಸುಕು ಅನ್ನೋದೂ ಗೊತ್ತು."

ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು. ಆರನೆಯ ಸಹಿ ಬಿತ್ತು. ಸಹಿಯ ಪಕ್ಕ ಬರೆದ ಅಂಕ ಏನೂ ಧಾರಾಳವಲ್ಲ, ಓರೆ ಗಾಜಿಗೆ ಕತ್ತರಿ ಬಿದ್ದೇ ಇತ್ತು. ಆದರೆ ಕ್ರೆಡಿಟ್ಟು ಕ್ರೆಡಿಟ್ಟೇ. ಕಾಗದ ಕೊಡುತ್ತಾ ಅವರು ತಾಯಿಯ ಕಡೆ ನೋಡಿದರು. "ನೀವು ಮಾಡಿದ್ದು ತಪ್ಪು, ಗೊತ್ತಿದೆ ತಾನೆ? ಆದ್ರೆ ಆ ಕುರ್ಚಿಯಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದಕ್ಕೆ ಕ್ರೆಡಿಟ್ಟು ಕೊಡೋ ಪದ್ಧತಿ ಇದ್ದಿದ್ರೆ ನಿಮಗೂ ಒಂದು ಕೊಡ್ತಿದ್ದೆ."

ಕನ್ನಡಕದಕ್ಕ ನಗಲು ಹೋಗಿ ಅತ್ತುಬಿಟ್ಟಳು.

ಕೆಳಗೆ ಬಂದಾಗ ಅಪ್ಪ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ದೂರದಿಂದಲೇ ಕೈಯೆತ್ತಿ, ಏನಾಯಿತು ಎಂದು ಸನ್ನೆಯಲ್ಲಿ ಕೇಳಿದ. ನಿಧಾನಿ ಒಂದು ಕೈಯ ಐದು ಬೆರಳನ್ನೂ, ಇನ್ನೊಂದು ಕೈಯ ಒಂದು ಬೆರಳನ್ನೂ ಎತ್ತಿ ತೋರಿಸಿದಳು. ಅವನು ಅಲ್ಲೇ ಕುಣಿದ. ದೊಡ್ಡ ಗಂಡಸು, ನಡುರಸ್ತೆಯ ಅಂಚಿನಲ್ಲಿ, ಮೈಮೇಲೆ ಕಂಪನಿಯ ಅಂಗಿ.

"ಕ್ಷಮಿಸು ಪುಟ್ಟಾ. ನಾನು ಅದನ್ನ ಮುಟ್ಟಬಾರದಾಗಿತ್ತು," ಎಂದಳು ಕನ್ನಡಕದಕ್ಕ.

ನಿಧಾನಿ ಈ ಮಾತನ್ನೂ ತನ್ನ ಪದ್ಧತಿಯಂತೆ ಸಾವಕಾಶವಾಗಿ ಯೋಚಿಸಿದಳು. "ನೀನು ಮಾಡಿದ್ದು ಚೆನ್ನಾಗೇ ಇತ್ತು ಅಮ್ಮ. ಅದಕ್ಕೇ ನಂಗೆ ಅಷ್ಟು ಸಿಟ್ಟು ಬಂದಿದ್ದು." ಆಮೇಲೆ ದುರ್ಬೀನನ್ನು ತಾಯಿಯ ಕೈಗೆ ಕೊಟ್ಟಳು. "ತಗೋ, ನೋಡು."

ಕನ್ನಡಕದಕ್ಕ ಕಣ್ಣಿಗಿಟ್ಟುಕೊಂಡಳು. ತಲೆಕೆಳಗಾದ ರಸ್ತೆಯಲ್ಲಿ ತಲೆಕೆಳಗಾದ ಗಂಡ ಕುಣಿಯುತ್ತಿದ್ದ, ಒಂದು ಬದಿ ಸ್ಪಷ್ಟ, ಒಂದು ಬದಿ ಮಸುಕು. ಅವಳ ಹೆಬ್ಬೆರಳು ತಾನಾಗಿಯೇ ಗಾಜಿನ ಅಂಚಿಗೆ ಹೋಯಿತು.

"ನೋಡು ಅಂದೆ ಅಷ್ಟೇ," ಎಂದಳು ಮಗಳು. "ಸರಿ ಮಾಡ್ಬೇಡ. ಮನೆಗೆ ಹೋಗಿ ನಾನೇ ಮಾಡ್ತೀನಿ."

ತಾಯಿ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡಳು. ಮಸುಕಾದ ಗಂಡನನ್ನು ಹಾಗೆಯೇ, ಅವನು ರಸ್ತೆ ದಾಟಿ ಬರುವವರೆಗೂ ನೋಡುತ್ತಾ ನಿಂತಳು.